ಅಳುವಕ್ಕನ ದನಿಯಲ್ಲಿದ್ದ ಭಯ

ನಮ್ಮ ಸ್ಟುಡಿಯೋದಲ್ಲಿ ಅವಳ ನಿಜವಾದ ಹೆಸರು ಸಂಬಳ ಹಾಕುವವರಿಗೆ ಮಾತ್ರ ಗೊತ್ತು. ಉಳಿದವರಿಗೆಲ್ಲ ಅವಳು ಅಳುವಕ್ಕ. ಹಾಗೆಂದ ಮಾತ್ರಕ್ಕೆ ಸದಾ ಮೂಗು ಒರೆಸಿಕೊಳ್ಳುವ ಹೆಂಗಸು ಅಂದುಕೊಳ್ಳಬೇಡಿ. ನಕ್ಕರೆ ಪಕ್ಕದ ಕೋಣೆಯವರು ಎದ್ದು ಬರಬೇಕು, ಬೈದರೆ ಬೈಸಿಕೊಂಡವನೇ ಇನ್ನೊಮ್ಮೆ ಬೈ ಅನ್ನಬೇಕು, ಅಂಥವಳು. ಅಳುವುದು ಅವಳ ಕಸುಬು. ನಾವು ಮಾಡುವುದು ಕೇಳುವ ನಾಟಕ. ಜನ ಫೋನಿನಲ್ಲಿ ಹಾಕಿಕೊಂಡು ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ನಿದ್ದೆ ಬಾರದ ಹಾಸಿಗೆಯಲ್ಲಿ ಕೇಳುತ್ತಾರೆ. ನಾನು ಗಾಜಿನ ಈಚೆ ಕೂತು ದನಿ ಹಿಡಿಯುವ ರೆಕಾರ್ಡಿಸ್ಟ್. ಗಾಜಿನ ಆಚೆ ಮೈಕಿನ ಮುಂದೆ ಅವಳು ಈಗಲೂ ಕೂರುತ್ತಾಳೆ. ಅವಳ ಎದುರಿನ ಕುರ್ಚಿಯಲ್ಲಿ ಮಾತ್ರ ಈಗ ಬೇರೆಯವರಿದ್ದಾರೆ. ಅದು ಹೇಗಾಯಿತು ಅನ್ನುವುದನ್ನೇ ಹೇಳಲು ಹೊರಟಿದ್ದೇನೆ.

ಅವಳು ಈ ಕಸುಬಿಗೆ ಬಂದ ದಾರಿ ವಿಚಿತ್ರವಾದದ್ದು. ಮದುವೆಗೆ ಮುಂಚೆ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಹೆಸರು ಕೂಗಿ ಒಳಗೆ ಕಳಿಸುವ ಕೆಲಸ ಅವಳದು. ಬಾಗಿಲಾಚೆಯಿಂದ ಬರುತ್ತಿದ್ದ ಕೂಗನ್ನು ದಿನವಿಡೀ ಕೇಳಿ, ಸಂಜೆ ತಂಗಿಯರ ಮುಂದೆ ಒಂದೊಂದನ್ನೇ ಮಾಡಿ ತೋರಿಸುತ್ತಿದ್ದಳಂತೆ. ದಪ್ಪ ಮೀಸೆಯ ಪೊಲೀಸಿನವನ ಅಳು, ಹೆಂಡತಿ ಹೊರಗಿದ್ದಾಳೆಂದು ನುಂಗಿಕೊಂಡ ಗಂಡನ ಅಳು, ಸೂಜಿ ಕಾಣುವ ಮೊದಲೇ ಶುರುವಾಗುವ ಅಳು. ಅವಳ ಪಕ್ಕದ ಮನೆಯಲ್ಲಿ ನಮ್ಮ ಸ್ಟುಡಿಯೋದ ಗುಮಾಸ್ತರಿದ್ದರು. ಒಮ್ಮೆ ನಾಯಕಿಗೆ ಗಂಟಲು ಕಟ್ಟಿ, ಗಂಡನ ಹೆಣದ ಮುಂದೆ ಅಳುವ ದೃಶ್ಯ ನಿಂತುಹೋದಾಗ ಅವರು ಈ ಹುಡುಗಿಯನ್ನು ಕೈಹಿಡಿದು ಕರೆತಂದರು. ಅವಳು ಬಾಯಿ ತೆರೆದು ಅತ್ತಳು. ಮೈಕಿನಲ್ಲಿ ಬರೀ ಗಾಳಿ ಬಂತು. ಆಗ ಮಾವ ಎದ್ದು ಬಂದು, "ಮೈಕಿಗೆ ಬಾಯಿ ಕೊಡಬೇಡ ಹುಡುಗಿ, ಕೆನ್ನೆ ಕೊಡು" ಅಂದರು. ಕೆನ್ನೆ ಕೊಟ್ಟಳು. ಅವತ್ತಿನಿಂದ ಅಳುವಕ್ಕ ಆದಳು.

ಮಾವ ಅಂದರೆ ನಮ್ಮ ಸ್ಟುಡಿಯೋದ ಹಿರಿಯ ನಟರು. ಯಾರಿಗೂ ಸ್ವಂತ ಮಾವನಲ್ಲ. ವರ್ಷಗಟ್ಟಲೆ ಓಡುತ್ತಿದ್ದ ನಮ್ಮ ಧಾರಾವಾಹಿಯಲ್ಲಿ ಅವರು ಮಾವ, ಅವಳು ಸೊಸೆ. ಕಂತು ಕಂತಿಗೂ ಇಬ್ಬರದೂ ಜಗಳ. ಆ ಜಗಳ ಕೇಳಲೆಂದೇ ಜನ ಕಾಯುತ್ತಿದ್ದರು. ಪಾತ್ರದ ಹೆಸರೇ ಅವರಿಗೆ ಅಂಟಿಕೊಂಡಿತು, ಅವಳೂ ಹಾಗೇ ಕರೆದಳು. ಮಗಳು ಹುಟ್ಟಿದ ವರ್ಷ ಅವಳ ಪಾತ್ರವನ್ನು ಬೇರೆಯವಳಿಗೆ ಕೊಡುವ ಮಾತು ಬಂದಾಗ, "ಸೊಸೆ ಬದಲಾದರೆ ಮಾವನೂ ಬದಲಾಗಲಿ" ಎಂದು ಕುರ್ಚಿ ಬಿಟ್ಟು ಎದ್ದವರು ಅವರು. ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಕಾರಿಡಾರಿನಲ್ಲಿ ಓಡಾಡುತ್ತ, ತಮ್ಮ ಸರದಿ ಬಂದಾಗ ಕೂಸನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದರು. ನನ್ನ ಪ್ಯಾಂಟು ಒದ್ದೆಯಾದ ದಿನಗಳ ಲೆಕ್ಕ ನಾನು ಇಟ್ಟಿಲ್ಲ.

ಈಗ ಒಂದು ಗುಟ್ಟು ಹೇಳಿಬಿಡುತ್ತೇನೆ. ನನಗದು ಕೊನೆಯಲ್ಲಿ ಗೊತ್ತಾಯಿತು, ಆದರೆ ಗುಟ್ಟನ್ನು ಬಚ್ಚಿಟ್ಟುಕೊಂಡು ಕಥೆ ಹೇಳುವ ಚಟ ನನಗಿಲ್ಲ. ಮಾವನಿಗೆ ಕಿವಿ ಹೋಗುತ್ತಿತ್ತು.

ಮೊದಲು ಹೋದದ್ದು ಹೆಂಗಸರ ದನಿ. ಗಂಡಸರದು ಅಷ್ಟಿಷ್ಟು ಕೇಳುತ್ತಿತ್ತು, ಅದರಲ್ಲೂ ನನ್ನದು ಖಾಲಿ ಡ್ರಮ್ಮಿನೊಳಗೆ ಕೂತು ಮಾತಾಡಿದಂಥ ದನಿ, ಹೆಡ್‌ಫೋನಿನಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಹಾಗಾಗಿ ನನಗೆ ಅನುಮಾನವೇ ಬರಲಿಲ್ಲ. ಅಕ್ಕನಿಗೆ ಗೊತ್ತಾಗಿದ್ದು ಕಾರಿಡಾರಿನಲ್ಲಿ. ಮಾವನ ಬೆನ್ನ ಹಿಂದೆಯೇ ಟೀ ತಟ್ಟೆ ಜಾರಿ ಗಾಜಿನ ಲೋಟಗಳೆಲ್ಲ ಪುಡಿಪುಡಿಯಾದವು. ಎಲ್ಲರೂ ಬೆಚ್ಚಿಬಿದ್ದರು, ಅವರು ಮಾತ್ರ ಗೋಡೆಯ ಮೇಲಿನ ಫೋಟೋ ನೋಡುತ್ತ ನಿಂತೇ ಇದ್ದರು. ತಿರುಗಿದಾಗ ಅಕ್ಕನ ಮುಖ ಕಂಡಿತು. ಅವಳಿಗೆ ಗೊತ್ತಾಯಿತೆಂದು ಅವರಿಗೂ ಗೊತ್ತಾಯಿತು.

ಅವತ್ತು ಮೆಟ್ಟಿಲ ಹತ್ತಿರ ಅವಳನ್ನು ನಿಲ್ಲಿಸಿಕೊಂಡು ಅವರು ಮಾತು ತೆಗೆದುಕೊಂಡರು. "ಬಾಯಿ ಬಿಡಬೇಡ ಹುಡುಗಿ. ದನಿ ನಡುಗುತ್ತೆ ಅಂತ ಆ ಕಥೆ ಹೇಳೋ ಅಜ್ಜನ್ನ ಇವರು ಏನು ಮಾಡಿದ್ರು ನೋಡಿದೀಯಲ್ಲ? ಕೈಗೊಂದು ಗಡಿಯಾರ ಕೊಟ್ಟು ಮನೆಗೆ ಕಳಿಸಿದ್ರು. ಈ ಧಾರಾವಾಹಿ ಮುಗೀಲಿ. ಆಮೇಲೆ ನಾನೇ ಹೋಗ್ತೀನಿ." ಅವರಿಗೆ ಹೆಂಡತಿ ಇರಲಿಲ್ಲ. ತಮ್ಮ ಒಡಹುಟ್ಟಿದ ಅಕ್ಕನ ಮನೆಯ ಮಹಡಿಯ ಒಂದು ಕೋಣೆ, ಒಂದು ಮಂಚ. ಸ್ಟುಡಿಯೋ ಬಿಟ್ಟರೆ ಅವರಿಗೆ ಬೆಳಗ್ಗೆ ಎದ್ದು ಶರ್ಟು ಇಸ್ತ್ರಿ ಮಾಡಿಕೊಳ್ಳಲು ಬೇರೆ ಕಾರಣವಿರಲಿಲ್ಲ. ಅಳುವಕ್ಕ ತಲೆಯಾಡಿಸಿದಳು. ಮಾತು ಕೊಟ್ಟಳು.

ಮಾತು ಕೊಡುವುದು ಸುಲಭ, ನಡೆಸುವುದು ಹೇಗೆ? ಅವಳ ಸಾಲುಗಳು ಮಾವನ ಕೈಯ ಹಾಳೆಯಲ್ಲೇ ಇರುತ್ತವೆ, ಆದರೆ ಅವು ಎಲ್ಲಿ ಮುಗಿದವು ಅನ್ನುವುದು ಕಿವಿಗೆ ಗೊತ್ತಾಗಬೇಕು. ತುಟಿ ನೋಡೋಣವೆಂದರೆ ಮೈಕಿನ ಮುಂದಿನ ಕಪ್ಪು ಜರಡಿ ಬಾಯನ್ನು ಮುಚ್ಚಿರುತ್ತದೆ. ಕಿವಿಗೆ ಹಾಕುವ ಯಂತ್ರ ತಂದು ನೋಡಿದರು; ಹೆಡ್‌ಫೋನಿನ ಕೆಳಗೆ ಅದು ಶಿಳ್ಳೆ ಹೊಡೆಯಿತು, ಶಿಳ್ಳೆ ಎಲ್ಲಿಂದ ಬರುತ್ತಿದೆಯೆಂದು ತಿಳಿಯದೆ ನಾನು ಬೆಳಗಿನಿಂದ ವೈರು ಬದಲಾಯಿಸಿ ಬದಲಾಯಿಸಿ ಸತ್ತೆ. ಕೊನೆಗೆ ಅಕ್ಕನೇ ಉಪಾಯ ಹುಡುಕಿದಳು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ತನ್ನ ಸಾಲು ಮುಗಿದ ಕ್ಷಣ ಅವರ ಪಾದವನ್ನು ಹೆಬ್ಬೆರಳಿನಿಂದ ಒತ್ತುವುದು. ಒತ್ತಿದರೆ ಮಾತು, ಹಿಮ್ಮಡಿ ಇಟ್ಟರೆ ತಡೆ. ಒಮ್ಮೆ ಕಾಲು ಜೋಮು ಹಿಡಿದು ಮೊದಲೇ ಒತ್ತಿಬಿಟ್ಟಳು. ಮಾವ ಸೊಸೆಯ ಮಾತಿನ ನಡುವೆಯೇ ಬಾಯಿ ಹಾಕಿ ಗದರಿದರು. ಸಾಹಿತಿ ಚಪ್ಪಾಳೆ ತಟ್ಟಿ, "ಇದೇ! ಇದನ್ನೇ ಇಡಿ" ಅಂದರು. ಸಾಹಿತಿ ಅಂದರೆ ನಾಟಕ ಬರೆಯುವವರು. ತಮ್ಮದಲ್ಲದ ಒಳ್ಳೆಯದನ್ನೆಲ್ಲ ತಮ್ಮದೆಂದುಕೊಳ್ಳುವವರು.

ಹೀಗೆ ಕೆಲಸ ನಡೆಯಿತು. ಆದರೆ ಅಕ್ಕನ ಪ್ರಾಣ ಅಂಗೈಯಲ್ಲಿ. ಬಾಯಲ್ಲಿ ಅಳಬೇಕು, ಕಣ್ಣಲ್ಲಿ ಓದಬೇಕು, ಕಾಲಲ್ಲಿ ಇನ್ನೊಬ್ಬರ ಅನ್ನ ಕಾಯಬೇಕು. ಒಂದು ತಪ್ಪು ಒತ್ತು ಬಿದ್ದರೆ ಸಾಕು, ನಾನು ರೆಕಾರ್ಡಿಂಗ್ ನಿಲ್ಲಿಸುತ್ತೇನೆ, ಏನಾಯಿತು ಅನ್ನುತ್ತೇನೆ. ಪ್ರತಿ ಸಾಲಿನ ಕೊನೆಗೂ ಅವಳ ಎದೆ ಢವಗುಟ್ಟುತ್ತಿತ್ತಂತೆ. ನಮ್ಮ ಯಾರ ಕಿವಿಗೂ ಅದು ಬೀಳಲಿಲ್ಲ. ಬಿದ್ದದ್ದು ಪಂಡಿತನ ಕಿವಿಗೆ.

ಪಂಡಿತ ಅಂದರೆ ಮನುಷ್ಯನಲ್ಲ, ಕೃತಕ ಬುದ್ಧಿಮತ್ತೆ. ಹೊಸ ಮ್ಯಾನೇಜರಮ್ಮ ತಂದು ಕೂರಿಸಿದ್ದು. ಅದಕ್ಕೂ ಕಾರಣವಿತ್ತು. ಹಿಂದಿನ ವರ್ಷ ಕೊಳಲು ನುಡಿಸುವವರು ಒಂದು ಮಾತೂ ಹೇಳದೆ ಕೆಲಸ ಬಿಟ್ಟು ಹೋಗಿದ್ದರು, ಸಾಹಿತಿ ಎರಡು ಸಲ ಹಾಳೆ ಹರಿದು ಎಸೆದಿದ್ದರು. "ಒಟ್ಟಿಗೆ ಕೂತು ಏನನ್ನೋ ಕಟ್ಟೋರು ನಾವು. ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತಾಗದೆ ಹೋದ್ರೆ ನಾಟಕ ಹೆಂಗೆ ನಿಲ್ಲುತ್ತೆ?" ಎಂದು ಮ್ಯಾನೇಜರಮ್ಮ ಮೆಲುದನಿಯಲ್ಲಿ ಕೇಳಿದರು. ಅವರ ದನಿಯೇ ಅಷ್ಟು, ಬೆಕ್ಕು ನಡೆದ ಹಾಗೆ. ಪಂಡಿತ ನಮ್ಮ ತಾಲೀಮು, ರೆಕಾರ್ಡಿಂಗ್ ಎಲ್ಲ ಕೇಳುತ್ತಿದ್ದ. ಮೂಲೆಯ ಪುಟ್ಟ ಕ್ಯಾಮೆರಾದಿಂದ ನೋಡುತ್ತಿದ್ದ. ಪಾತ್ರದ ಭಾವನೆ ಯಾವುದು, ಅದರ ಕೆಳಗೆ ಆ ಮನುಷ್ಯನದು ಯಾವುದು ಎಂದು ಬೇರೆ ಮಾಡಿ, ಯಾರಿಗೆ ಯಾರ ಜೊತೆ ಕೂತಾಗ ಏನನ್ನಿಸುತ್ತಿದೆ ಎಂದು ಪರದೆಯ ಮೇಲೆ ಬಣ್ಣದಲ್ಲಿ ತೋರಿಸುತ್ತಿದ್ದ. ಗೋಡೆಗೂ ಕಿವಿ ಇರುತ್ತೆ ಅನ್ನುತ್ತಾರಲ್ಲ, ನಮ್ಮ ಗೋಡೆಗೆ ಕಣ್ಣೂ ಬಂತು.

ನಾನು ಮೊದಲು ನಕ್ಕೆ. ಆದರೆ ಸುಳ್ಳು ಯಾಕೆ ಹೇಳಲಿ, ಪಂಡಿತ ದಡ್ಡನಲ್ಲ. ತಬಲಾ ನುಡಿಸುವವನು ದಿನವೂ ಜೋಕು ಹೇಳಿ ನಮ್ಮನ್ನೆಲ್ಲ ನಗಿಸುತ್ತಿದ್ದ. ಪಂಡಿತ ಮಾತ್ರ ಅವನ ಹೆಸರಿನ ಮುಂದೆ ದುಃಖ, ದುಃಖ ಎಂದು ತೋರಿಸುತ್ತಲೇ ಇದ್ದ. ಮ್ಯಾನೇಜರಮ್ಮ ಕರೆದು ವಿಚಾರಿಸಿದಾಗ ಅವನು ಹೆಂಡತಿಯ ಕಾಯಿಲೆ ಹೇಳಿಕೊಂಡು ಗಳಗಳ ಅತ್ತ. ಅವನ ಸಮಯವನ್ನು ಮಧ್ಯಾಹ್ನಕ್ಕೆ ಬದಲಾಯಿಸಿದರು. ಅವತ್ತಿನಿಂದ ಪಂಡಿತನ ಮಾತೆಂದರೆ ವೇದವಾಕ್ಯ. ಅದೇ ಅಕ್ಕನ ಕೊರಳಿಗೆ ಬಂತು.

ಪಂಡಿತ ಹೇಳಿದ್ದಿಷ್ಟು. ಅಳುವಕ್ಕನ ದನಿಯಲ್ಲಿ ಭಯವಿದೆ, ಪಾತ್ರದ ಭಯವಲ್ಲ. ಬೇರೆ ಯಾರ ಜೊತೆ ಕೂತಾಗಲೂ ಇಲ್ಲ, ಮಾವನ ಜೊತೆ ಕೂತಾಗ ಮಾತ್ರ. ಪ್ರತಿ ಸಾಲಿನ ಕೊನೆಗೆ ಏರುತ್ತದೆ. ಅದೇ ಕ್ಷಣದಲ್ಲಿ ಮೇಜಿನ ಕೆಳಗೆ ಇಬ್ಬರ ಪಾದಗಳು ತಾಗುತ್ತವೆ.

ಎಲ್ಲವೂ ನಿಜ. ಒಂದಕ್ಷರ ಸುಳ್ಳಿಲ್ಲ. ಯಾವುದಕ್ಕೆ ಭಯ ಅನ್ನುವುದನ್ನು ಮಾತ್ರ ಪಂಡಿತ ಹೇಳಲಿಲ್ಲ. ಆ ಜಾಗವನ್ನು ನಾವು ತುಂಬಿಕೊಂಡೆವು.

ಮ್ಯಾನೇಜರಮ್ಮ ಕೆಟ್ಟವರಲ್ಲ. ಹಿಂದೆ ಅವರು ಕೆಲಸ ಮಾಡಿದ ಕಡೆ ಹುಡುಗಿಯೊಬ್ಬಳಿಗೆ ಹಿರಿಯನೊಬ್ಬ ಕಾಟ ಕೊಡುವುದನ್ನು ಕಂಡೂ ಎಲ್ಲರೂ ಬಾಯಿ ಹೊಲಿದುಕೊಂಡಿದ್ದರಂತೆ, ಆ ಹುಡುಗಿ ಆಮೇಲೆ ಯಾರ ಮುಖವನ್ನೂ ನೋಡದಂತಾದಳಂತೆ. ತಾವಿರುವ ಕಡೆ ಅದು ಆಗಬಾರದೆಂದು ಅವರು ಹಟ ತೊಟ್ಟಿದ್ದರು. ಅಕ್ಕನನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ಕೈ ಹಿಡಿದುಕೊಂಡು ಕೇಳಿದರು. "ಏನಿದ್ರೂ ಹೇಳಿ ಅಕ್ಕ. ನಿಮ್ಮ ಹಿಂದೆ ನಾನಿದೀನಿ."

"ಏನಿಲ್ಲಮ್ಮ."

"ಅವರು ನಿಮಗೆ ತೊಂದರೆ ಕೊಡ್ತಿದಾರಾ?"

"ಅಯ್ಯೋ, ಅವರು ನನಗೆ ತಂದೆ ಸಮಾನ."

"ಹಾಗಾದ್ರೆ ಯಾಕೆ ಭಯ? ನಿಮ್ಮ ದನಿ ಸುಳ್ಳು ಹೇಳಲ್ಲ ಅಕ್ಕ."

ನಿಜ ಹೇಳಿದರೆ ಮಾವನ ಅನ್ನ ಹೋಗುತ್ತದೆ, ಹೇಳದಿದ್ದರೆ ಮಾವನ ಮಾನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. "ಏನಿಲ್ಲ" ಎಂದು ಇನ್ನೊಮ್ಮೆ ಹೇಳಿದಳು, ಅದರಲ್ಲೂ ಭಯವಿತ್ತು. ಮ್ಯಾನೇಜರಮ್ಮ ನಿಟ್ಟುಸಿರು ಬಿಟ್ಟು, ಮುಂದಿನ ಕಂತಿನಿಂದ ಇಬ್ಬರನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡೋಣ ಅಂದರು. ಅಕ್ಕ ಹೌಹಾರಿದಳು. ಅವಳ ಕಾಲಿಲ್ಲದೆ, ಅವಳ ದನಿಯ ರೆಕಾರ್ಡಿಗೆ ಮಾವ ಉತ್ತರ ಕೊಡುವುದು ಹೇಗೆ? "ಬೇಡಮ್ಮ, ದಯವಿಟ್ಟು ಬೇಡ. ನಾನು ಅವರ ಎದುರೇ ಕೂರ್ತೀನಿ" ಎಂದು ಅಂಗಲಾಚಿದಳು. ಮ್ಯಾನೇಜರಮ್ಮನ ಕಣ್ಣಲ್ಲಿ ನೀರು ಬಂತು. ಹೆದರಿಸಿ ಇಟ್ಟವರ ಎದುರೇ ಕೂರುತ್ತೇನೆ ಅನ್ನುವಷ್ಟು ಹೆದರಿದ್ದಾಳಲ್ಲ ಎಂದು.

ಇಂಥ ಸುದ್ದಿಗೆ ಕಾಲಿರುವುದಿಲ್ಲ, ರೆಕ್ಕೆ ಇರುತ್ತದೆ. ಸಾಹಿತಿ ಮಾವನ ಪಕ್ಕ ಕೂತು ಟೀ ಕುಡಿಯುವುದನ್ನು ಬಿಟ್ಟರು. ತಬಲಾದವನು ಮುಖ ತಿರುಗಿಸಿದ. ನಾನು? ನಾನು ಹೆಡ್‌ಫೋನಿನಲ್ಲಿ ಬೇಕಾದಷ್ಟೇ ಮಾತಾಡಿದೆ. ಮಾವ ಎಲ್ಲರಿಗೂ ನಗುತ್ತಲೇ ಇದ್ದರು. ಕೇಳಿಸದಿದ್ದಾಗ ನಗುವುದು, ತಲೆಯಾಡಿಸಿ ಹೌದು ಹೌದು ಅನ್ನುವುದು ಅವರಿಗೆ ಅಭ್ಯಾಸವಾಗಿಹೋಗಿತ್ತು. ಹೌದು ಅಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲವಲ್ಲ. ನಮಗೆ ಆ ನಗು ಭಂಡತನದ ಹಾಗೆ ಕಂಡಿತು.

ಸುದ್ದಿ ಅಕ್ಕನ ಮನೆಗೂ ಹೋಯಿತು. ಅವಳ ಗಂಡ ಲೇತ್ ಮೆಷಿನ್ ಕೆಲಸದವನು. ಒಳ್ಳೆಯವನು, ಆದರೆ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಊಟದ ತಟ್ಟೆ ಮುಂದಿಟ್ಟುಕೊಂಡು ಕೇಳಿದ. "ಆ ಮುದುಕ ನಿನ್ನ ಕಾಲು ತುಳೀತಾನಂತೆ?"

"ಯಾರು ಹೇಳಿದ್ದು?"

"ಯಾರಾದ್ರೂ ಹೇಳಲಿ. ಬೆಂಕಿ ಇಲ್ದೆ ಹೊಗೆ ಆಡುತ್ತಾ? ನಾಳೆ ನಾನೇ ಬರ್ತೀನಿ. ಅವನ ಕಾಲು ಮುರಿದ ಮೇಲೆ ಯಾರನ್ನ ತುಳೀತಾನೋ ನೋಡ್ತೀನಿ."

"ಬಂದ್ರೆ ನನ್ನ ಹೆಣ ದಾಟ್ಕೊಂಡು ಬರಬೇಕು" ಎಂದು ಅವಳು ಎದ್ದುಹೋದಳು. ಮಗಳು ಬಾಗಿಲಲ್ಲಿ ನಿಂತು ಅಪ್ಪನನ್ನೂ ಅಮ್ಮನನ್ನೂ ನೋಡಿದಳು. ಹೆಗಲ ಮೇಲೆ ಹೊತ್ತು ಓಡಾಡಿಸಿದ ತಾತನ ಬಗ್ಗೆ ಅವಳಿಗೂ ಅನುಮಾನ ಬಂದಿತ್ತು. ಅಕ್ಕನಿಗೆ ಎಲ್ಲಕ್ಕಿಂತ ನೋವಾದದ್ದು ಅದು.

ಮರುದಿನ ಸ್ಟುಡಿಯೋ ಬಿಟ್ಟ ಮೇಲೆ ಬಸ್ ನಿಲ್ದಾಣದವರೆಗೂ ಮಾವನ ಜೊತೆ ನಡೆದಳು. ನೀವೇ ಹೇಳಿಬಿಡಿ, ನನ್ನನ್ನು ಮಾತಿನಿಂದ ಬಿಡಿಸಿ, ಎಂದು ಕೇಳಲು. ರಸ್ತೆಯಲ್ಲಿ ಲಾರಿ, ಹಾರ್ನು, ಮನೆಗೆ ಹೊರಟ ಜನ. "ಮಾವ, ಕಿವಿ ವಿಷಯ ಹೇಳ್ಬಿಡಿ. ಅವರು ಏನೇನೋ ಅಂದುಕೊಂಡಿದಾರೆ."

"ಹೌದು ಹೌದು" ಅಂದರು ಮಾವ.

"ನನ್ನ, ನಿಮ್ಮ ಬಗ್ಗೆ."

"ಹೌದಮ್ಮ, ಆಗಲಿ."

ಏನೂ ಕೇಳಿಸಿಲ್ಲವೆಂದು ಅವಳಿಗೆ ಗೊತ್ತಾಯಿತು. ಕಿವಿಯ ಹತ್ತಿರ ಹೋಗಿ ಕೂಗಬೇಕು. ಏನೆಂದು ಕೂಗುವುದು? ನೀವು ನನ್ನನ್ನು ಮುಟ್ಟುತ್ತೀರಿ ಅನ್ನುತ್ತಿದ್ದಾರೆ ಎಂದು, ತುಂಬಿದ ಬಸ್ ನಿಲ್ದಾಣದಲ್ಲಿ? ಬರೆದು ತೋರಿಸೋಣವೆಂದರೆ ಅಂಥ ಮಾತು ಬರೆಯಲು ಕೈ ಬರಲಿಲ್ಲ. ಬಸ್ಸು ಬಂತು. ಮಾವ ಕೈಬೀಸಿ ಹತ್ತಿದರು.

ಅದರ ಮಾರನೆಯ ಬೆಳಗ್ಗೆ ಮ್ಯಾನೇಜರಮ್ಮ ನಮ್ಮೆಲ್ಲರನ್ನೂ ತಾಲೀಮಿನ ಕೋಣೆಗೆ ಕರೆದರು. ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ, ಆಡಿದ ಮಾತು ಅಲ್ಲೇ ಬಿದ್ದು ಸಾಯುತ್ತದೆ. ಸಾಹಿತಿ, ತಬಲಾದವನು, ನಾನು ಗೋಡೆಗೆ ಒರಗಿ ನಿಂತೆವು. ಅಕ್ಕ ಒಂದು ಮೂಲೆಯಲ್ಲಿ. ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಹೊಸ ಕಂತಿನ ತಾಲೀಮೆಂದುಕೊಂಡು, ಕನ್ನಡಕ ಒರೆಸುತ್ತ ನಡುವೆ ಕೂತಿದ್ದರು.

"ನಾನು ನೇರವಾಗೇ ಕೇಳ್ತೀನಿ" ಎಂದು ಮ್ಯಾನೇಜರಮ್ಮ ಶುರು ಮಾಡಿದರು. ಸಿಟ್ಟು ಬಂದಷ್ಟೂ ಅವರ ದನಿ ಇಳಿಯುತ್ತಿತ್ತು. "ಮೇಜಿನ ಕೆಳಗೆ ನೀವು ಅಕ್ಕನ ಕಾಲು ಮುಟ್ಟೋದು ನಿಜಾನಾ?"

ಮಾವ ಕನ್ನಡಕ ಹಾಕಿಕೊಂಡು ನಕ್ಕರು. "ಹೌದಮ್ಮ."

"ಅವರಿಗೆ ಇಷ್ಟ ಇಲ್ಲ ಅಂತ ಗೊತ್ತಿದ್ದೂ?"

"ಹೌದು ಹೌದು. ಮೊದಲಿಂದಲೂ ನಮ್ಮದು ಹಾಗೇನೇ."

ಸಾಹಿತಿ "ಥೂ" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು; ಇಷ್ಟು ವರ್ಷ ಈ ಮನುಷ್ಯನ ದನಿಯನ್ನು ತಿದ್ದಿ ತೀಡಿ ಜನರಿಗೆ ಕೇಳಿಸಿದೆನಲ್ಲ ಅನ್ನಿಸಿತು. ಮ್ಯಾನೇಜರಮ್ಮನ ಮುಖ ಬಿಳಿಚಿಕೊಂಡಿತ್ತು. "ಇವತ್ತಿಂದ ನೀವು ಬರೋದು ಬೇಡ. ಯಾಕೆ ಅನ್ನೋದು ಎಲ್ಲರಿಗೂ ಗೊತ್ತಾಗಲಿ. ನಾನು ಮುಚ್ಚಿಡಲ್ಲ" ಅಂದರು.

ಮಾವ ಅದಕ್ಕೂ ತಲೆಯಾಡಿಸಿದರು. ಆಮೇಲೆ, ನಮ್ಮ ಮುಖಗಳಲ್ಲಿ ಏನು ಕಂಡರೋ, ಆ ನಗು ಸ್ವಲ್ಪ ಸಣ್ಣದಾಯಿತು. ಒಬ್ಬೊಬ್ಬರನ್ನೇ ನೋಡುತ್ತ ಬಂದು ಅವರ ಕಣ್ಣು ಅಕ್ಕನ ಮೇಲೆ ನಿಂತಿತು. ಎಲ್ಲಿ ಮಾತಾಡಬೇಕೋ ಹೇಳು ಎಂದು ಕೇಳುವ ಹಾಗೆ.

"ಅವರಿಗೆ ಕೇಳಿಸಲ್ಲ" ಅಂದಳು ಅಕ್ಕ.

ನಾವೆಲ್ಲ ತಿರುಗಿದೆವು.

"ನಿಮ್ಮ ಒಂದು ಮಾತೂ ಅವರಿಗೆ ಕೇಳಿಸಿಲ್ಲ. ಕಿವಿ ಹೋಗಿ ಬಹಳ ದಿನ ಆಯ್ತು. ಕಾಲು ಒತ್ತೋದು ನಾನು, ನನ್ನ ಸಾಲು ಮುಗೀತು ಅಂತ ಹೇಳೋಕೆ. ಎಲ್ಲಾದ್ರೂ ತಪ್ಪಿ ಒತ್ತಿ, ನಿಮಗೆ ಗೊತ್ತಾಗಿ, ಅವರನ್ನ ಮನೆಗೆ ಕಳಿಸ್ತೀರಾ ಅಂತ ನನಗೆ ಭಯ. ಅಷ್ಟೇ ಇದ್ದದ್ದು. ಬೇರೆ ಏನೂ ಇಲ್ಲ."

ಮ್ಯಾನೇಜರಮ್ಮ ಬಾಯಿಗೆ ಕೈ ಇಟ್ಟುಕೊಂಡರು. ಸಾಹಿತಿ ನೆಲ ನೋಡಿದರು. ನಾನು ಮಾವನ ಕಡೆ ನೋಡಲಾರದೆ ನೋಡಿದೆ. ಆ ಕೋಣೆಯಲ್ಲಿ ಅಕ್ಕನ ಮಾತು ಕೇಳಿಸದೆ ಇದ್ದವರು ಅವರೊಬ್ಬರೇ. ಇನ್ನೂ ಅರ್ಧ ನಗುತ್ತಲೇ, "ಏನಂತೆ ಹುಡುಗಿ? ಏನಂದೆ ನೀನು?" ಎಂದು ಕೇಳಿದರು.

ಅವಳು ಹೋಗಿ ಅವರ ಕುರ್ಚಿಯ ಪಕ್ಕ ಮೊಣಕಾಲೂರಿದಳು. ಕಿವಿಗೆ ಬಾಯಿ ಇಟ್ಟು, ತನ್ನ ಶಕ್ತಿಯೆಲ್ಲ ಹಾಕಿ ಕೂಗಿದಳು. "ನಿಮಗೆ ಕಿವಿ ಕೇಳಲ್ಲ ಅಂತ ಹೇಳ್ಬಿಟ್ಟೆ ಮಾವ!"

ನಗು ಹೋಯಿತು. ಅವರ ಕೈ ತಾನಾಗಿ ಕಿವಿಯನ್ನು ಮುಚ್ಚಿಕೊಂಡಿತು, ಅದು ನಮಗೆ ಕಾಣಬಾರದು ಅನ್ನುವ ಹಾಗೆ. "ಮಾತು ಕೊಟ್ಟಿದ್ದೆಯಲ್ಲ" ಅಂದರು. "ಯಾಕೆ ಹೇಳಿದೆ?"

ಅದನ್ನೂ ಕೂಗಿಯೇ ಹೇಳಬೇಕಾಯಿತು. "ನೀವು ನನ್ನ ಮೈ ಮುಟ್ತೀರಿ ಅಂದ್ಕೊಂಡಿದ್ರು! ನೀವೂ ಹೌದು ಅಂದ್ಬಿಟ್ರಿ!" ಕೂಗು ಮುಗಿಯುವ ಮುಂಚೆ ಅವಳ ದನಿ ಒಡೆಯಿತು. ಸ್ಟುಡಿಯೋಗೆ ಬಂದ ದಿನದಿಂದ ಇಲ್ಲಿಯವರೆಗೆ ಅವಳು ಎಷ್ಟು ಬಗೆಯ ಅಳು ಅತ್ತಿದ್ದಾಳೋ, ಎಲ್ಲವನ್ನೂ ಹಿಡಿದವನು ನಾನು. ಇಂಥದ್ದನ್ನು ಹಿಡಿದಿರಲಿಲ್ಲ.

ಮಾವ ಅವಳ ತಲೆಯ ಮೇಲೆ ಕೈ ಇಟ್ಟರು. ಮ್ಯಾನೇಜರಮ್ಮ ಹತ್ತಿರ ಬಂದು, ಕಣ್ಣೀರು ಸುರಿಸುತ್ತ, ಕ್ಷಮಿಸಿ, ಇಲ್ಲೇ ಇರಿ, ಏನಾದರೂ ದಾರಿ ಮಾಡೋಣ ಎಂದು ಹೇಳುತ್ತಲೇ ಇದ್ದರು, ಅದೇ ಮೆಲುದನಿಯಲ್ಲಿ. ಮಾವ ಅವರ ತುಟಿಯನ್ನು ಸ್ವಲ್ಪ ಹೊತ್ತು ನೋಡಿದರು. ಈ ಸಲ ಹೌದು ಅನ್ನಲಿಲ್ಲ.

"ನಾಳೆಯಿಂದ ನಾನು ಬರಲ್ಲ ಅಂತ ಅವರಿಗೆ ಹೇಳು ಹುಡುಗಿ" ಅಂದರು. "ಕೂಗಬೇಡ. ಅವರಿಗೆಲ್ಲ ಕಿವಿ ಚೆನ್ನಾಗಿ ಕೇಳುತ್ತೆ."

ಅಕ್ಕ ಎದ್ದು ನಮ್ಮ ಕಡೆ ತಿರುಗಿದಳು. ಮುಖ ಒರೆಸಿಕೊಂಡು, ಒಂದಕ್ಷರ ಬಿಡದೆ, ಮೆಲ್ಲಗೆ ಹೇಳಿದಳು. ಅವಳ ದನಿಯಲ್ಲಿ ಭಯ ಚೂರೂ ಇರಲಿಲ್ಲ. ಇನ್ನು ಹೆದರುವುದಕ್ಕೆ ಏನೂ ಉಳಿದಿರಲಿಲ್ಲ.